ತಲೆಯ ಫೋಟೊ ಮತ್ತು ಎರಡರ ಮಗ್ಗಿ

ನಾನು ಮಗ್ಗಿ ಹೇಳಿಕೊಡಲು ಶುರುಮಾಡಿದರೆ ಮಕ್ಕಳು ನಿದ್ದೆ ಹೋಗುತ್ತಾರೆ ಎಂದು ನಮ್ಮ ಶಾಲೆಯಲ್ಲಿ ಒಂದು ಮಾತಿತ್ತು. ಹೊಟ್ಟೆಕಿಚ್ಚಿನವರು ಹಬ್ಬಿಸಿದ ಸುದ್ದಿ ಅದು ಎಂದೇ ನಿವೃತ್ತಿಯಾಗುವವರೆಗೂ ನಂಬಿಕೊಂಡಿದ್ದೆ. ಹಿಂದಿನ ಬೆಂಚಿನಲ್ಲಿ ನಾಲ್ಕು ತಲೆ ಡೆಸ್ಕಿಗೆ ಅಂಟಿಕೊಂಡಿದ್ದರೆ ಅದಕ್ಕೆ ಅವರ ಅಮ್ಮಂದಿರು ಹೊಟ್ಟೆ ಬಿರಿಯ ತಿನ್ನಿಸಿ ಕಳಿಸಿದ್ದು ಕಾರಣವೇ ಹೊರತು ನನ್ನ ಪಾಠವಲ್ಲ. ಹಾಗೆಂದು ಹೆಡ್‌ಮಾಸ್ತರರ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ ಕೂಡ. ಆಮೇಲೆ ನನ್ನ ತಮ್ಮನಿಗೆ ಮಗಳು ಹುಟ್ಟಿದಳು. ಆ ಹಳೇ ಸುದ್ದಿ ನಿಜವೆಂದು ಆಸ್ಪತ್ರೆಯಲ್ಲಿ, ನಾಲ್ಕು ಜನರ ಎದುರಿಗೆ, ದೊಡ್ಡ ಯಂತ್ರವೊಂದರ ಮುಂದೆ ಸಾಬೀತಾಯಿತು.

ಹುಟ್ಟಿದಳು ಅನ್ನುವುದಕ್ಕಿಂತ ನುಗ್ಗಿದಳು ಅನ್ನಬೇಕು. ಇನ್ನೂ ಮೂರು ತಿಂಗಳು ಅಮ್ಮನ ಹೊಟ್ಟೆಯಲ್ಲಿ ಹಾಯಾಗಿ ಇರಬೇಕಾದವಳು, ಅದೇನು ಅವಸರವೋ, ತೊಟ್ಟಿಲೂ ಇಲ್ಲದ ಬಟ್ಟೆಯೂ ಹೊಲಿಸದ ಹೊತ್ತಿನಲ್ಲಿ ಬಂದುಬಿಟ್ಟಳು. ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಮೈತುಂಬ ವೈರು, ಮೂಗಿಗೊಂದು ನಳಿಗೆ. ನನ್ನ ಅಂಗೈ ಅವಳ ಬೆನ್ನಿಗಿಂತ ದೊಡ್ಡದಿತ್ತು. "ಅಯ್ಯೋ, ಒಂದು ಚಿಟಿಕೆಯಷ್ಟಿದಾಳಲ್ಲೋ" ಅಂದೆ. ಅವತ್ತಿನಿಂದ ಅವಳು ಚಿಟಿಕೆಯೇ ಆದಳು. ಅಪ್ಪ ಅಮ್ಮ ವಾರಗಟ್ಟಲೆ ಯೋಚಿಸಿ ಇಟ್ಟ ಚೆಂದದ ಹೆಸರು ಆಸ್ಪತ್ರೆಯ ಚೀಟಿಗಳಲ್ಲಿ ಮಾತ್ರ ಉಳಿದುಕೊಂಡಿತು.

ನನ್ನ ತಮ್ಮ ಒಳ್ಳೆಯವನು, ಆದರೆ ಪುಕ್ಕಲ. ನೀರು ಸರಬರಾಜು ಕಚೇರಿಯಲ್ಲಿ ಕೆಲಸ. ಮನೆಯಲ್ಲಿ ಯಾರಾದರೂ ದನಿ ಎತ್ತಿದರೆ ತುಟಿಯ ಮೇಲೆ ಬೆರಳಿಟ್ಟು "ಶ್!" ಅನ್ನುತ್ತಾನೆ. ಅದನ್ನು ಬಿಟ್ಟರೆ ಅವನ ಬಾಯಿಂದ ಹೆಚ್ಚು ಮಾತು ಹೊರಡುವುದಿಲ್ಲ. ಅವನ ಹೆಂಡತಿ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಒಂದು ಕಾಲದಲ್ಲಿ ನನ್ನ ಕ್ಲಾಸಿನಲ್ಲಿದ್ದವಳು. ಲೆಕ್ಕದಲ್ಲಿ ಅವಳನ್ನು ಫೇಲು ಮಾಡಿದ್ದೂ ನಾನೇ. ಇನ್ನು ಈ ಜನ್ಮದಲ್ಲಿ ಬಾಯಲ್ಲಿ ಮಗ್ಗಿ ಬರಗೊಡುವುದಿಲ್ಲ ಎಂದು ಅವತ್ತು ಆಣೆ ಮಾಡಿದಳಂತೆ. ಅಂಥವಳು ಊರಲ್ಲಿರುವ ಇಷ್ಟು ಗಂಡಸರನ್ನೂ ಬಿಟ್ಟು ನನ್ನ ತಮ್ಮನನ್ನೇ ಮೆಚ್ಚಿ ಮದುವೆಯಾದರೆ ಅದಕ್ಕೆ ನಾನು ಹೊಣೆಯೇ? ಸಮಾಧಾನದಲ್ಲಿದ್ದಾಗ ನನ್ನನ್ನು "ಅತ್ತಿಗೆ" ಅನ್ನುತ್ತಾಳೆ. ಸಿಟ್ಟು ಬಂದರೆ, ಭಯವಾದರೆ, "ಟೀಚರ್" ಅನ್ನುತ್ತಾಳೆ.

ಚಿಟಿಕೆ ಪೆಟ್ಟಿಗೆಯಿಂದ ಹೊರಬಂದು, ಮನೆಗೂ ಬಂದು, ಅವಳು ನಿಜವಾಗಿ ಹುಟ್ಟಬೇಕಾಗಿದ್ದ ದಿನ ಹತ್ತಿರವಾಯಿತು. ಆಗ ಮಕ್ಕಳ ಡಾಕ್ಟರು, "ತಲೆದೊಂದು ಎಂಆರ್‌ಐ ಮಾಡಿಸಿಬಿಡೋಣ" ಅಂದರು. ಅವಸರದಲ್ಲಿ ಹುಟ್ಟಿದ ಮಕ್ಕಳ ಮೆದುಳು ಹೊರಗೆ ಬಂದಮೇಲೆ ಹೇಗೆ ಬೆಳೆದಿದೆ ಎಂದು ಈ ಹೊತ್ತಿಗೆ ಒಮ್ಮೆ ಫೋಟೊ ತೆಗೆದು ನೋಡುತ್ತಾರಂತೆ.

"ಅದ್ರಲ್ಲಿ ಗೊತ್ತಾಗುತ್ತಾ ಡಾಕ್ಟ್ರೇ?" ಎಂದು ತಮ್ಮನ ಹೆಂಡತಿ ಕೇಳಿದಳು.

"ಏನಮ್ಮ?"

"ಇವಳಿಗೆ ಮಾತು ಬರುತ್ತಾ ಅಂತ."

ಪಕ್ಕದ ಪೆಟ್ಟಿಗೆಯ ಮಗುವಿನ ಅಮ್ಮನಿಗೆ ಯಾವಳೋ ಒಬ್ಬಳು, ಇಂಥ ಮಕ್ಕಳಿಗೆ ಮಾತು ಬರೋದು ಕಷ್ಟ ಅಂದಿದ್ದಳು. ಅದು ಇವಳ ಕಿವಿಗೆ ಬಿದ್ದು ಅಲ್ಲೇ ಮನೆ ಮಾಡಿಕೊಂಡಿತ್ತು. ಹಾಡೇ ಬದುಕಾದ ಹೆಂಗಸು. ಮಗಳು ಮೂಗಿಯಾದರೆ ಎಂದು ಊಟ ಬಿಟ್ಟು ಕೂತಿದ್ದಳು. ಡಾಕ್ಟರು ಕನ್ನಡಕ ಒರೆಸಿಕೊಂಡರು. "ಮೊದ್ಲು ಫೋಟೊ ತೆಗೆಸಿ, ಆಮೇಲೆ ಮಾತಾಡೋಣ" ಅಂದರು.

ಈಗ ಆ ಫೋಟೊದ ಕಥೆ ಕೇಳಿ. ಅಷ್ಟು ದೊಡ್ಡ ಯಂತ್ರ, ಅದರೊಳಗೆ ಮಗು ಮಿಸುಕದೆ ಮಲಗಿರಬೇಕು. ಒಂಚೂರು ಅಲ್ಲಾಡಿದರೂ ಚಿತ್ರ ಕಲಸಿಹೋಗುತ್ತದೆ. ಹಾಗಂತ ನಿದ್ದೆಯ ಔಷಧಿ ಕೊಡುತ್ತಾರೆಯೇ? ಇಲ್ಲ. "ಅದೆಲ್ಲ ಬೇಡಮ್ಮ, ಬರೋವರೆಗೂ ಮಲಗೋಕೆ ಬಿಡಬೇಡಿ. ಇಲ್ಲಿ ಬಂದು ಹೊಟ್ಟೆ ತುಂಬ ಹಾಲು ಕುಡಿಸಿ, ಬಟ್ಟೇಲಿ ಬಿಗಿಯಾಗಿ ಸುತ್ತಿ. ತಾನಾಗೇ ಮಲಗುತ್ತೆ, ಎತ್ತಿ ಒಳಗಿಡ್ತೀವಿ" ಎಂದು ಯಂತ್ರ ನಡೆಸುವವನು ಫೋನಿನಲ್ಲಿ ಹೇಳಿದ. ತೆಳ್ಳಗೆ, ಉದ್ದಕ್ಕೆ, ಯಾವಾಗಲೂ ಪಿಸುಗುಡುತ್ತ ಮಾತಾಡುವ ಯುವಕ. ನಾನು ಅವನಿಗೆ ಫೋಟೊದವನು ಎಂದೇ ಹೆಸರಿಟ್ಟೆ. ಇಡೀ ವಿಜ್ಞಾನ ಕೊನೆಗೆ ಬಂದು ನಿಂತದ್ದು ಹಾಲು ಮತ್ತು ಬಟ್ಟೆಯ ಮೇಲೆಯೇ ಎಂದು ನನಗೆ ನಗು ಬಂತು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಅವತ್ತು ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಚಿಟಿಕೆಗೆ ತೂಕಡಿಕೆ. ತಮ್ಮ ಕಾರು ಓಡಿಸುತ್ತ ಸುಮ್ಮಸುಮ್ಮನೆ ಹಾರ್ನ್ ಹೊಡೆದ. ಎದುರಿನ ಲಾರಿಯವನು ಇಳಿದು ಬಂದು ಬೈದು ಹೋದ. ಆಸ್ಪತ್ರೆಯ ಹಾಲ್‌ನಲ್ಲಿ ಕೂತಮೇಲೆ ಚಿಟಿಕೆಯ ಅಮ್ಮ ಹಾಡಲು ಶುರುಮಾಡಿದಳು. ನನಗೆ ರೇಗಿತು.

"ಎಚ್ಚರ ಇಡು ಅಂದ್ರೆ ಜೋಗುಳ ಹಾಡ್ತಾರೇನೇ? ಕೊಡಿಲ್ಲಿ ಮಗೂನ."

"ಅತ್ತಿಗೆ, ನಾನು ಹಾಡಿದ್ರೆ ಅವಳು ಮಲಗಲ್ಲ..."

"ನಂಗೆ ಹೇಳ್ಕೊಡ್ಬೇಡ. ಎಚ್ಚರವಾಗಿರ್ಬೇಕು ಅಂದ್ರೆ ಮೆದುಳಿಗೆ ಕೆಲಸ ಕೊಡ್ಬೇಕು."

ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆನ್ನು ತಟ್ಟುತ್ತ, ಕ್ಲಾಸಿನಲ್ಲಿ ಹೇಳುವ ಹಾಗೆ ಸ್ಪಷ್ಟವಾಗಿ ಶುರುಮಾಡಿದೆ. ಎರಡೊಂದ್ಲ ಎರಡು. ಎರಡೆರಡ್ಲ ನಾಲ್ಕು. ಎರಡ್ಮೂರ್ಲ ಆರು. ಎರಡ್ನಾಲ್ಕ್ಲ ಎಂಟು ಎನ್ನುವಷ್ಟರಲ್ಲಿ ಚಿಟಿಕೆ ಬಾಯಿ ತೆರೆದು ಒಂದು ಆಕಳಿಕೆ ತೆಗೆದಳು. ಎರಡೈದ್ಲ ಹತ್ತು ಎನ್ನುವಾಗ ಸಣ್ಣಗೆ ಗೊರಕೆ. ನನ್ನ ಪಕ್ಕ ಕೂತಿದ್ದ ಯಾರೋ ಒಬ್ಬ ಅಜ್ಜ ಕೂಡ ಗೋಡೆಗೆ ತಲೆಕೊಟ್ಟು ಕಣ್ಣು ಮುಚ್ಚಿದ್ದರು.

ತಮ್ಮ ಬೇರೆ ಕಡೆ ನೋಡಿದ. ಅವನ ಹೆಂಡತಿ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿದ್ದದ್ದು ನನಗೆ ಕಾಣದೇ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಅಂಗಾಲು ಒರೆಸಿ ಮಗುವನ್ನು ಎಬ್ಬಿಸಿದ್ದಾಯಿತು. ಚಿಟಿಕೆಗೆ ಬಂದ ಸಿಟ್ಟು ನೋಡಬೇಕಿತ್ತು. ಇಡೀ ಹಾಲ್ ಕಿತ್ತುಹೋಗುವ ಹಾಗೆ ಅತ್ತಳು.

ನಮ್ಮ ಸರದಿ ಬಂದಾಗ ಹಾಲು ಕುಡಿಸಿದರು, ಬಟ್ಟೆ ಸುತ್ತಿದರು, ಪುಟ್ಟ ಕಿವಿಗಳಿಗೆ ಸದ್ದು ತಡೆಯುವ ಮೆತ್ತನೆಯ ಮುಚ್ಚಳ ಹಾಕಲು ಸಿದ್ಧಮಾಡಿಕೊಂಡರು. ಮಗು ಮಾತ್ರ ಕಣ್ಣು ಮಿಟುಕಿಸದೆ ನಮ್ಮನ್ನೇ ನೋಡುತ್ತಿದೆ. ಅಮ್ಮ ಹಾಡಿದಳು. ನಿಜ ಹೇಳಬೇಕೆಂದರೆ ಚೆನ್ನಾಗಿ ಹಾಡುತ್ತಾಳೆ. ಬಾಗಿಲ ಹತ್ತಿರ ಹೋಗುತ್ತಿದ್ದ ನರ್ಸ್ ಕೂಡ ನಿಂತು ಕೇಳಿದಳು. ಅಮ್ಮ ಹಾಡಿದಷ್ಟೂ ಚಿಟಿಕೆಯ ಕಣ್ಣು ಅರಳುತ್ತ ಹೋಯಿತು. ಫೋಟೊದವನು ಗಡಿಯಾರ ನೋಡಿದ, ಕತ್ತು ಕೆರೆದುಕೊಂಡ.

"ಇವತ್ತು ಆಗಲ್ವೇನೋ. ಇನ್ನೊಂದಿನ ಬರ್ತೀರಾ?" ಎಂದು ಪಿಸುಗುಟ್ಟಿದ.

ಇನ್ನೊಂದು ದಿನ ಎಂದರೆ ಇನ್ನಷ್ಟು ದಿನದ ಕಾಯುವಿಕೆ. ತಮ್ಮನ ಹೆಂಡತಿಯ ಮುಖ ಸೋತು ಸುಣ್ಣವಾಯಿತು. ಆಗ ನನ್ನ ತಮ್ಮ, ಹುಟ್ಟಿದಾಗಿನಿಂದ ನನ್ನೆದುರು ಸೊಲ್ಲೆತ್ತದವನು, ನೆಲ ನೋಡುತ್ತ ಹೇಳಿದ: "ಅಕ್ಕ... ಮಗ್ಗಿ."

"ಏನಂದೆ?"

"ಮಗ್ಗಿ ಹೇಳಕ್ಕ. ದಮ್ಮಯ್ಯ."

ನನ್ನ ಮಾನ ಹೋದರೂ ಸರಿ, ಮಗುವಿನ ಕೆಲಸ ಆಗಲಿ ಎಂದು ಎತ್ತಿಕೊಂಡೆ. ಎರಡೇಳ್ಲ ಹದಿನಾಲ್ಕರ ಹೊತ್ತಿಗೆ ಚಿಟಿಕೆ ಗಾಢ ನಿದ್ದೆಯಲ್ಲಿದ್ದಳು.

"ಇವರೇ ಒಳಗೆ ಬರಲಿ" ಎಂದು ಫೋಟೊದವನು ನನ್ನನ್ನು ತೋರಿಸಿದ. ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಾರೆ. ತಮ್ಮನ ಹೆಂಡತಿ ನನ್ನತ್ತ ನೋಡಿದ ನೋಟ ಇವತ್ತಿಗೂ ನೆನಪಿದೆ. "ಹೋಗಿ ಟೀಚರ್" ಅಂದಳು, ಅಷ್ಟೇ. ಹೆತ್ತವಳು ಹೊರಗೆ, ಫೇಲು ಮಾಡಿದವಳು ಒಳಗೆ.

ಆ ಯಂತ್ರ ದೊಡ್ಡ ಅಯಸ್ಕಾಂತವಂತೆ, ಮೈಮೇಲೆ ಲೋಹದ ಚೂರೂ ಇರಕೂಡದು. ತಲೆಯಿಂದ ಪಿನ್ನು ತೆಗೆದೆ, ಕೊರಳಿನ ಸರ ತೆಗೆದೆ. "ಇನ್ನೇನಾದ್ರೂ ಇದ್ಯಾ?" ಅಂದ. ಬಟ್ಟೆಯ ಒಳಗಿಂದ ಒಂದು ಪಿನ್ನು, ಕರವಸ್ತ್ರಕ್ಕೆ ಸಿಕ್ಕಿಸಿದ್ದು ಒಂದು, ಬೇಕಾದೀತು ಎಂದು ಮಡಿಕೆಯಲ್ಲಿ ಇಟ್ಟುಕೊಂಡದ್ದು ಇನ್ನೊಂದು ಸಾಲು. ಅವನು ಹಿಡಿದ ಟ್ರೇ ತುಂಬಿತು. "ಅಮ್ಮಾ, ನೀವು ಟೈಲರ್ ಅಂಗಡಿ ಇಟ್ಟಿದೀರಾ?" ಅಂದ. ಮಗು ಮಲಗಿದೆ ಎಂದು ಸುಮ್ಮನಿದ್ದೆ, ಇಲ್ಲದಿದ್ದರೆ ಉತ್ತರ ಕೊಡುತ್ತಿದ್ದೆ.

ಒಳಗೆ ಸದ್ದೆಂದರೆ ಎಂಥ ಸದ್ದು! ತಗಡಿನ ಮನೆಯಲ್ಲಿ ಹತ್ತು ಜನ ಸುತ್ತಿಗೆ ಹಿಡಿದು ಜಗಳಕ್ಕೆ ನಿಂತ ಹಾಗೆ. ಮಗುವಿಗೂ ನನಗೂ ಕಿವಿ ಮುಚ್ಚಿದ್ದರು. ನನ್ನ ಮಗ್ಗಿ ನನಗೇ ಕೇಳುತ್ತಿರಲಿಲ್ಲ, ಆದರೂ ಬಿಡಲಿಲ್ಲ. ಸುತ್ತಿದ ಬಟ್ಟೆಯ ಮೇಲೆ ಕೈಯಿಟ್ಟು ತಟ್ಟುತ್ತಲೇ ಹೇಳಿದೆ. ಯಂತ್ರ ನಿಂತಿತು. ಮೇಲಿನ ಸ್ಪೀಕರಿನಿಂದ ಅವನ ದನಿ ಬಂತು. "ಅಮ್ಮಾ, ತಟ್ಟಬೇಡಿ. ನೀವು ತಟ್ಟಿದ್ದು ಚಿತ್ರದಲ್ಲೆಲ್ಲ ಬಂದಿದೆ." ಕೈಯನ್ನು ಸುಮ್ಮನೆ ಇಟ್ಟುಕೊಂಡು ತುಟಿ ಮಾತ್ರ ಆಡಿಸಿದೆ. ಎರಡರದು ಮುಗಿಸಿ ಮೂರರದು, ಮೂರರದು ಮುಗಿಸಿ ನಾಲ್ಕರದು. ದೇವರ ಹೆಸರು ಹೇಳಬೇಕಾದ ಕಡೆ ಮಗ್ಗಿ ಹೇಳುತ್ತಿದ್ದೇನಲ್ಲ ಎಂದು ಒಮ್ಮೆ ಅನ್ನಿಸಿತು. ನನಗೆ ನಂಬಿಕೆ ಇದ್ದದ್ದು ಮಗ್ಗಿಯ ಮೇಲೆಯೇ, ಏನು ಮಾಡಲಿ? ಚಿಟಿಕೆ ಕೊನೆಯವರೆಗೂ ಮಿಸುಕಲಿಲ್ಲ. ಯಂತ್ರದ ಸದ್ದು ನಿಂತ ಮರುಗಳಿಗೆ ಎದ್ದು ಕಿರುಚಿದಳು.

ಆಮೇಲೊಂದು ದಿನ ಡಾಕ್ಟರು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ಹುರಿಗಾಳಿನ ಹಾಗೆ ಮಡಿಕೆ ಬಿದ್ದ ಪುಟ್ಟ ಮೆದುಳು, ಕಪ್ಪು ಬಿಳುಪಿನಲ್ಲಿ. ಒಳಗೆ ಎರಡು ಕಡೆ ಅಲ್ಲಲ್ಲಿ ಮಸುಕು ಚುಕ್ಕೆ. ಡಾಕ್ಟರು ಪೆನ್ನಿನ ತುದಿಯಿಂದ ಅದನ್ನು ಮುಟ್ಟಿದರು.

"ಇಲ್ಲಿ ಸ್ವಲ್ಪ ಏಟಾಗಿದೆ. ಕೈಕಾಲಿಗೆ, ಮಾತಿಗೆ ಸುದ್ದಿ ತಗೊಂಡು ಹೋಗೋ ನರದ ದಾರಿಗಳು ಇವು. ದೊಡ್ಡ ಏಟಲ್ಲ."

"ಹಾಗಾದ್ರೆ ಮಾತು?" ಎಂದಳು ತಮ್ಮನ ಹೆಂಡತಿ.

"ಇಂಥ ಚಿತ್ರ ಇರೋ ಮಕ್ಕಳು ತುಂಬ ಜನ ಚೆನ್ನಾಗೇ ಬೆಳೀತಾರಮ್ಮ. ಕೆಲವರು ನಡೆಯೋದು ತಡ, ಕೆಲವರು ಮಾತು ತಡ."

"ಬರದೇ ಇರೋರು?"

ಡಾಕ್ಟರು ಸುಳ್ಳು ಹೇಳುವವರಲ್ಲ. "ಅಂಥೋರೂ ಇದಾರೆ. ಕಮ್ಮಿ."

ನನಗೆ ತಡೆಯಲಾಗಲಿಲ್ಲ. "ಡಾಕ್ಟ್ರೇ, ಇಷ್ಟು ದೊಡ್ಡ ಯಂತ್ರ, ಇಷ್ಟು ಒಳ್ಳೆ ಫೋಟೊ. ಸುತ್ತಿ ಬಳಸಿ ಬೇಡ. ಪಾಸೋ ಫೇಲೋ, ಒಂದು ಹೇಳಿ."

"ಚಿತ್ರದಲ್ಲಿ ಏಟು ಕಾಣುತ್ತೆ, ಮಗು ಕಾಣಲ್ಲ. ಎರಡು ವರ್ಷ ಆಗಲಿ, ಒಂದು ಪರೀಕ್ಷೆ ಮಾಡ್ತೀವಿ."

ಅಂದರೆ ಫಲಿತಾಂಶ ತಡೆಹಿಡಿಯಲಾಗಿದೆ. ಅದೊಂದು ಮಾತು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆದರೆ ಪರೀಕ್ಷೆ ಎನ್ನುವ ಮಾತು ಕಿವಿಗೆ ಬಿದ್ದದ್ದೇ ನನಗೆ ಹೋದ ಜೀವ ಬಂದಂತಾಯಿತು. ಪರೀಕ್ಷೆ ಎಂದರೆ ನನ್ನ ಅಂಗಳ. ಅಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ?

ಚಿಟಿಕೆ ಬೆಳೆದಳು. ಅವಳಿಗೆ ಎರಡು ವಯಸ್ಸು: ಹುಟ್ಟಿದ ದಿನದಿಂದ ಎಣಿಸಿದ್ದು ಒಂದು, ಹುಟ್ಟಬೇಕಿದ್ದ ದಿನದಿಂದ ಎಣಿಸಿದ್ದು ಇನ್ನೊಂದು. ಆಸ್ಪತ್ರೆಯವರು ಎರಡನೆಯದನ್ನೇ ಹಿಡಿಯುತ್ತಾರೆ. ಒಬ್ಬಳೇ ಹುಡುಗಿಗೆ ಎರಡೆರಡು ಉತ್ತರ ಬರುವ ಲೆಕ್ಕವನ್ನು ನಾನು ನನ್ನ ಜೀವಮಾನದಲ್ಲಿ ಒಪ್ಪಿದವಳಲ್ಲ, ಇವಳಿಗಾಗಿ ಒಪ್ಪಿಕೊಂಡೆ. ತಡವಾಗಿ ಕೂತಳು, ತಡವಾಗಿ ನಿಂತಳು. ಗೋಡೆ ಹಿಡಿದು, ಎಡಗಾಲಿನ ಹಿಮ್ಮಡಿ ಎತ್ತಿಕೊಂಡು, ಮನೆಯೆಲ್ಲ ಓಡಾಡಲು ಕಲಿತಳು. ನಗುತ್ತಾಳೆ, ಬೆರಳು ತೋರಿಸುತ್ತಾಳೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ. ಕಿವಿಯ ಪರೀಕ್ಷೆಯೂ ಸರಿಯಿತ್ತು. ಮಾತು ಮಾತ್ರ ಇಲ್ಲ. "ಊಂ" ಒಂದೇ. ಬೇಕಾದರೂ ಊಂ, ಬೇಡವಾದರೂ ಊಂ.

ದಿನಾ ಬೆಳಿಗ್ಗೆ ಅಮ್ಮ ಅವಳೆದುರು ಮಂಡಿಯೂರಿ ಕೂತು "ಅಮ್ಮ ಅನ್ನು ಪುಟ್ಟ, ಅಮ್ಮ" ಅನ್ನುವಳು. ಚಿಟಿಕೆ ಅವಳ ಬಾಯಿಯೊಳಗೆ ಬೆರಳು ಹಾಕಿ, ಆ ಸದ್ದು ಎಲ್ಲಿಂದ ಬರುತ್ತದೆ ಎಂದು ಹುಡುಕುವಳು. ಅಮ್ಮ ನಗುವಳು, ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಲ್ಲುವಳು. ನಾನು "ಬರುತ್ತೆ ಬಿಡೇ, ಎಲ್ಲಿ ಹೋಗುತ್ತೆ ಮಾತು" ಎಂದು ಗದರಿಸುತ್ತಿದ್ದೆ. ನನಗೂ ಒಳಗೆ ಭಯವಿತ್ತು. ಆ ಮಸುಕು ಚುಕ್ಕೆಗಳು ಕಣ್ಣು ಮುಚ್ಚಿದರೆ ಕಾಣುತ್ತಿದ್ದವು.

ಮಧ್ಯಾಹ್ನದ ನಿದ್ದೆಗೆ ಮಾತ್ರ ಅವಳು ನನ್ನ ಹತ್ತಿರವೇ ಬರಬೇಕು. ಅಮ್ಮ ಹಾಡಿದರೆ ಕಣ್ಣರಳಿಸಿ ಕೇಳುತ್ತ ಕೂರುವಳು, ನಾನು ಬೆನ್ನು ತಟ್ಟಿ ಎರಡರ ಮಗ್ಗಿ ಹೇಳಿದರೆ ಅರ್ಧದಲ್ಲೇ ಮಲಗುವಳು. "ನನ್ನ ಮಗಳಿಗೆ ನನ್ನ ಹಾಡು ಬೇಡ, ಮಗ್ಗಿ ಬೇಕು. ನನ್ನ ಹಣೆಬರಹ ನೋಡಿ" ಎಂದು ತಮ್ಮನ ಹೆಂಡತಿ ನಗಾಡುವಳು. ಪೂರ್ತಿ ನಗುವಲ್ಲ ಅದು.

ಪರೀಕ್ಷೆಗೆ ಕೆಲವು ತಿಂಗಳಿದ್ದಾಗ, ಕಾಲಿನ ವ್ಯಾಯಾಮಕ್ಕೆ ಎಂದು ಆಸ್ಪತ್ರೆಗೆ ಹೋಗಿದ್ದೆವು. ಅಲ್ಲಿ ಒಬ್ಬ ಅಜ್ಜಿಯ ಪರಿಚಯವಾಯಿತು. ಅವರ ಮೊಮ್ಮಗನೂ ಅವಸರದಲ್ಲಿ ಹುಟ್ಟಿದವನೇ, ಆಗಷ್ಟೇ ಪರೀಕ್ಷೆ ಮುಗಿಸಿ ಬಂದಿದ್ದ. "ಕೆಂಪು ಮರದ ತುಂಡು ಕೊಡ್ತಾರಮ್ಮ, ಒಂದರ ಮೇಲೊಂದು ಇಡು ಅಂತಾರೆ. ಪುಸ್ತಕದಲ್ಲಿ ನಾಯಿ ಎಲ್ಲಿ, ಚೆಂಡು ಎಲ್ಲಿ ತೋರಿಸು ಅಂತಾರೆ" ಅಂದರು. ಪ್ರಶ್ನೆಪತ್ರಿಕೆ ಬಯಲಾದರೆ ಬೀದಿಗಿಳಿದು ಕೂಗಾಡಿದವಳು ನಾನು. ಅವತ್ತು ಮಾತ್ರ ಆ ಅಜ್ಜಿಯ ಪಕ್ಕ ಸರಿದು ಕೂತು, "ಇನ್ನೇನೇನು ಕೇಳ್ತಾರೆ? ನಿಧಾನವಾಗಿ ಹೇಳಿ" ಅಂದೆ.

ಸಂಜೆಯೇ ಆಟಿಕೆ ಅಂಗಡಿಗೆ ಹೋಗಿ ಕೆಂಪು ಮರದ ತುಂಡು, ಚಿತ್ರದ ಪುಸ್ತಕ, ಎಲ್ಲ ತಂದೆ. ಊಟವಾದಮೇಲೆ ದಿನಾ ಪಾಠ. ಇಡು. ಇನ್ನೊಂದು ಇಡು. ಬಿತ್ತಾ? ಮತ್ತೆ ಇಡು. ಚಿಟಿಕೆ ಒಂದು ವಾರ ಖುಷಿಯಾಗಿ ಇಟ್ಟಳು. ಎರಡನೇ ವಾರ ಒಂದೊಂದನ್ನೇ ನನ್ನ ಚಪ್ಪಲಿಯೊಳಗೆ ಬಚ್ಚಿಟ್ಟಳು. ಆಮೇಲೆ ಒಂದು ಉಪಾಯ ಕಂಡುಕೊಂಡಳು: ಕೆಂಪು ತುಂಡು ಕಂಡದ್ದೇ ನೆಲದ ಮೇಲೆ ಅಂಗಾತ ಬಿದ್ದು, ಕಣ್ಣು ಬಿಗಿಯಾಗಿ ಮುಚ್ಚಿ, ಗೊರಕೆ ಹೊಡೆಯುವಳು.

"ಅತ್ತಿಗೆ, ಅವಳು ಮಗು. ಬಿಟ್ಬಿಡಿ" ಎಂದಳು ತಮ್ಮನ ಹೆಂಡತಿ.

"ನಿನ್ನನ್ನೂ ಹೀಗೇ ಬಿಟ್ಟುಬಿಟ್ಟಿದ್ದಕ್ಕೆ ಲೆಕ್ಕ ಹಾಗಾಯ್ತು."

"ಬಿಟ್ಟಿದ್ರಾ ಟೀಚರ್? ಯಾವಾಗ?"

"ಶ್! ಮಲಗಿದಾಳೆ" ಎಂದ ತಮ್ಮ, ತುಟಿಯ ಮೇಲೆ ಬೆರಳಿಟ್ಟು. ನೆಲದ ಮೇಲಿದ್ದ ಚಿಟಿಕೆ ಒಂದು ಕಣ್ಣು ತೆರೆದು ಅಪ್ಪನನ್ನು ನೋಡಿ, ಮತ್ತೆ ಮುಚ್ಚಿಕೊಂಡಳು.

ಪರೀಕ್ಷೆಯ ದಿನ ಬಂತು. ಪರೀಕ್ಷೆ ಮಾಡುವವಳು ಚಿಕ್ಕ ವಯಸ್ಸಿನವಳು, ನೆಲದ ಮೇಲೆ ಚಾಪೆ ಹಾಸಿಕೊಂಡು ಮಕ್ಕಳ ಸಮಕ್ಕೇ ಕೂರುವಂಥವಳು. "ಮನೆಯವರು ಹೇಳಿಕೊಡಬಾರ್ದು, ಆಯ್ತಾ?" ಎಂದು ಸಿಹಿಯಾಗಿ ಹೇಳಿದಳು. ಹೇಳುವಾಗ ನೋಡಿದ್ದು ನನ್ನನ್ನೇ. ಮುಖದ ಮೇಲೆ ಬರೆದಿರುತ್ತದೋ ಏನೋ.

ಮೊದಲು ಕಾಲು ನೋಡಿದಳು, ನಡೆಸಿದಳು, ಎಡಗಾಲಿಗೆ ಪಟ್ಟಿ ಬೇಕಾಗಬಹುದು, ವ್ಯಾಯಾಮ ಮುಂದುವರಿಸಿ ಅಂದಳು. ಅದು ನಮಗೆ ಗೊತ್ತಿದ್ದದ್ದೇ. ಆಮೇಲೆ ಚೀಲಕ್ಕೆ ಕೈಹಾಕಿ ಕೆಂಪು ಮರದ ತುಂಡುಗಳನ್ನು ಚಾಪೆಯ ಮೇಲೆ ಸುರಿದಳು. ಅವೇ ತುಂಡು, ಅದೇ ಬಣ್ಣ. ಚಿಟಿಕೆ ಅವನ್ನು ನೋಡಿದಳು. ನನ್ನನ್ನು ನೋಡಿದಳು. ದೊಪ್ಪನೆ ಅಂಗಾತ ಬಿದ್ದು ಕಣ್ಣು ಮುಚ್ಚಿಕೊಂಡಳು.

ಪರೀಕ್ಷೆಯವಳು ಗಾಬರಿಯಾಗಿ ಮುಂದಕ್ಕೆ ಬಾಗಿದಳು. ಕಣ್ಣಿನ ರೆಪ್ಪೆ ಎತ್ತಿ ನೋಡಲು ಹೋದಳು. "ಹೀಗೆ ಇದ್ದಕ್ಕಿದ್ದ ಹಾಗೆ ಬೀಳ್ತಾಳಾ? ಎಷ್ಟು ಸಲ ಆಗುತ್ತೆ? ಕೈಕಾಲು ಅದುರುತ್ತಾ?"

ಆಗ ಚಿಟಿಕೆ ಗೊರಕೆ ಹೊಡೆದಳು.

"ಅದು... ಹಾಗಲ್ಲ" ಎಂದ ನನ್ನ ತಮ್ಮ. "ಮನೇಲಿ ಸ್ವಲ್ಪ... ಅಭ್ಯಾಸ ಮಾಡಿಸಿದ್ವಿ."

"ಏನನ್ನ?"

"ಟೀಚರ್, ಹೇಳಿ" ಎಂದಳು ತಮ್ಮನ ಹೆಂಡತಿ. ಹೇಳಿದೆ. ಹುಟ್ಟಿದಾಗಿನಿಂದ ಯಾರೆದುರೂ ತಲೆ ತಗ್ಗಿಸದ ನಾನು, ಮಗಳ ವಯಸ್ಸಿನವಳ ಎದುರು ನೆಲ ನೋಡುತ್ತ, ಕೆಂಪು ತುಂಡು ಕೊಂಡ ಕಥೆ ಹೇಳಿದೆ. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು. ಆಮೇಲೆ ತುಂಡುಗಳನ್ನು ಚೀಲಕ್ಕೆ ತುಂಬಿಟ್ಟಳು. ಅವು ಒಳಗೆ ಹೋದ ಸದ್ದು ಕೇಳಿ ಚಿಟಿಕೆ ಎದ್ದು ಕೂತಳು.

ಚಿತ್ರದ ಪುಸ್ತಕ ತೆಗೆದಳು. ಚಿಟಿಕೆ ಮತ್ತೆ ಮಲಗಿದಳು. ಪುಸ್ತಕ ಒಳಗೆ ಹೋಯಿತು. ಚಿಟಿಕೆ ಎದ್ದಳು. ನಾನು ಮುಖ ಮುಚ್ಚಿಕೊಂಡೆ. ಇಡೀ ಪ್ರಶ್ನೆಪತ್ರಿಕೆಯನ್ನು ನನ್ನ ಕೈಯಾರೆ ಹಾಳು ಮಾಡಿಟ್ಟಿದ್ದೆ.

"ಮಾತು ಎಷ್ಟು ಆಡ್ತಾಳೆ?" ಎಂದು ಪರೀಕ್ಷೆಯವಳು ಕೇಳಿದಳು.

"ಒಂದೂ ಇಲ್ಲ" ಎಂದಳು ಅಮ್ಮ. ಅಷ್ಟು ಹೇಳಿದ್ದೇ ತಡ, ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲೂ ಇಲ್ಲ. "ಆ ಫೋಟೊ ತೆಗೆದಾಗಿಂದ ಕಾಯ್ತಾ ಇದೀನಿ. ಅಮ್ಮ ಅನ್ನೋದು ಬೇಡ, ಏನಾದ್ರೂ ಒಂದು. ಒಂದು ಮಾತು."

ಪರೀಕ್ಷೆಯವಳು ಅವಳ ಕೈ ಹಿಡಿದು ಮೆಲ್ಲಗೆ ಅದುಮಿದಳು. ಆಮೇಲೆ ಚೀಲದ ತಳದಿಂದ ಒಂದು ಬಟ್ಟೆಯ ಗೊಂಬೆ, ಒಂದು ಪುಟ್ಟ ಟವೆಲ್ಲು ತೆಗೆದು ಚಾಪೆಯ ಮೇಲಿಟ್ಟಳು. ಆ ಅಜ್ಜಿ ಗೊಂಬೆಯ ವಿಷಯ ಹೇಳಿರಲಿಲ್ಲ. ಮರೆತಿದ್ದರೋ, ಅವರ ಮೊಮ್ಮಗ ಗೊಂಬೆ ಮುಟ್ಟಿರಲಿಲ್ಲವೋ, ಅಂತೂ ಆ ಪಾಠವನ್ನು ನಾನು ಮಾಡಿರಲಿಲ್ಲ.

"ಪಾಪುಗೆ ನಿದ್ದೆ ಬಂದಿದೆ. ಮಲಗಿಸ್ತೀಯಾ?" ಎಂದಳು ಪರೀಕ್ಷೆಯವಳು.

ಚಿಟಿಕೆ ಮಲಗಲಿಲ್ಲ. ಗೊಂಬೆಯನ್ನು ಎತ್ತಿಕೊಂಡು ಹಿಂದೆ ಮುಂದೆ ನೋಡಿದಳು. ಟವೆಲ್ಲನ್ನು ಹೇಗೋ ಎಳೆದು ಸುತ್ತಿದಳು, ಗೊಂಬೆಯ ತಲೆ ಒಳಗೆ ಹೋಗಿ ಕಾಲು ಹೊರಗೆ ಬಂತು. ತೊಡೆಯ ಮೇಲೆ ಮಲಗಿಸಿಕೊಂಡು ಕೈಯೆತ್ತಿ ತಟ್ಟತೊಡಗಿದಳು. ಆ ತಟ್ಟು ನನ್ನದೇ. ಆ ಗತ್ತು ನನ್ನದೇ. ಹುಬ್ಬು ಗಂಟಿಕ್ಕಿದ್ದು ಕೂಡ ನನ್ನ ಹಾಗೆಯೇ. ಆಮೇಲೆ ಬಾಯಿ ತೆರೆದಳು.

"ಎಡೊಂದ್ಲ ಎಡು."

ತಮ್ಮನ ಹೆಂಡತಿ ಚಾಪೆಯ ಕಡೆಗೆ ಜರುಗಿದಳು.

"ಎಡೆಡ್ಲ ನಾಕು" ಎಂದಳು ಚಿಟಿಕೆ. ತಟ್ಟುತ್ತಲೇ ಇದ್ದಳು. ಅಲ್ಲಿಗೆ ನಿಂತಿತು. ಮುಂದಿನದು ಬರಲಿಲ್ಲ. ತಲೆ ಎತ್ತಿ ನನ್ನತ್ತ ನೋಡಿದಳು. ಮುಂದಿನದು ನಾನು ಹೇಳಬೇಕಾದದ್ದು, ಅವಳಿಗೆ ಗೊತ್ತು. ಎಷ್ಟೋ ಸಾವಿರ ಸಲ, ಎಷ್ಟೋ ಸಾವಿರ ಮಕ್ಕಳ ಎದುರು ಹೇಳಿದ ಸಾಲು ಅದು. ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಮಗು ಕಾಯುತ್ತಿತ್ತು, ಕೈ ನಿಧಾನವಾಗುತ್ತಿತ್ತು.

"ಎರಡ್ಮೂರ್ಲ ಆರು."

ಹೇಳಿದವಳು ನನ್ನ ತಮ್ಮನ ಹೆಂಡತಿ. ಹೇಳಿದ್ದಲ್ಲ, ಹಾಡಿದ್ದು. ಜನ್ಮದಲ್ಲಿ ಬಾಯಿಗೆ ಬರಗೊಡುವುದಿಲ್ಲ ಎಂದು ಆಣೆ ಮಾಡಿದವಳು ಚಾಪೆಯ ಮೇಲೆ ಮಗಳ ಎದುರು ಮಂಡಿಯೂರಿ ಕೂತು, ಅಳುತ್ತಲೇ ರಾಗ ಹಾಕಿದಳು.

"ಆಉ" ಎಂದಳು ಚಿಟಿಕೆ, ಅಮ್ಮನ ಮುಖವನ್ನೇ ನೋ​ಡುತ್ತ.

"ಎರಡ್ನಾಲ್ಕ್ಲ ಎಂಟು."

"ಎಂತು."

ಒಂದೊಂದೇ ಸಾಲು ಅಮ್ಮ ಹಾಡಿದಳು, ಕೊನೆಯ ಮಾತನ್ನು ಮಗಳು ಹಿಡಿದುಕೊಂಡಳು. ಇಪ್ಪತ್ತಕ್ಕೆ ಬಂದು ಮುಟ್ಟಿದರು. ಒಂದು ತಪ್ಪಿಲ್ಲ. ನಾನು ಹುಡುಕಿದೆ, ಇಲ್ಲ.

ಪರೀಕ್ಷೆಯವಳು ಪೆನ್ನು ಹಿಡಿದು ತನ್ನ ಹಾಳೆಯನ್ನು ಮೇಲೆ ಕೆಳಗೆ ನೋಡಿದಳು. ಇದನ್ನು ಬರೆಯಲು ಅಲ್ಲಿ ಜಾಗವೇ ಇರಲಿಲ್ಲವೋ ಏನೋ. "ಇದನ್ನ ಏನಂತ ಬರ್ಕೊಳ್ಳಲಿ?" ಎಂದು ಮೂಗು ಸೇದುತ್ತ ಕೇಳಿದಳು.

"ಹಾಡು" ಎಂದಳು ಅಮ್ಮ.

"ಲೆಕ್ಕ" ಎಂದೆ ನಾನು. ಆಗ ಬಂತು ನೋಡಿ ದನಿ!

"ನಾನು ಮಾತು ಅಂತ ಬರ್ಕೊಂಡೆ" ಎಂದಳು ಅವಳು.

ತಮ್ಮನ ಹೆಂಡತಿ ನನ್ನನ್ನು ತಬ್ಬಿಕೊಂಡು "ಅತ್ತಿಗೇ..." ಎಂದು ಗೊಳೋ ಎಂದು ಅಳತೊಡಗಿದಳು. ನಾನೂ ನಾಚಿಕೆ ಬಿಟ್ಟು ಅವಳಿಗಿಂತ ಜೋರಾಗಿ ಅತ್ತೆ. ನನ್ನ ತಮ್ಮನೂ ಅಳುತ್ತಿದ್ದ, ನಮ್ಮನ್ನು ಸುಮ್ಮನಿರಿಸಬೇಕು ಎಂಬುದೇ ಅವನಿಗೆ ಮರೆತುಹೋಗಿತ್ತು. ಆ ಕೆಲಸವನ್ನು ಚಿಟಿಕೆಯೇ ಮಾಡಿದಳು. ಗೊಂಬೆಯನ್ನು ಒಂದು ಕೈಯಲ್ಲಿ ಅವುಚಿಕೊಂಡು, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟು, ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿ "ಶ್!" ಅಂದಳು. ಗೊಂಬೆ ಆಗಷ್ಟೇ ಮಲಗಿತ್ತು.